ಹತ್ತಡಿ ಬಿಟ್ಟು

ಹೂಮಳೆ ಬಿದ್ದು ಹದಿನೈದು ದಿನ. ಕಾಫಿ ಅರಳಿ, ಬಾಡಿ,
ಕಂದು ಚೂರಾಗಿ ಎಲೆಗೆ ಅಂಟಿಕೊಂಡಿದೆ.
ಜೇನುನೊಣಗಳು ಉಂಡು ಹೋದ ಮದುವೆಮನೆ ಈಗ ತೋಟ,
ಎಂಜಲೆಲೆ ಎತ್ತುವ ಕೆಲಸ ನಮ್ಮದು.

ಎರಡೂಕಾಲು ಎಕರೆ, ಗದ್ದೆ ಸೇರಿ.
ಕೇಳಿದವರಿಗೆ ಮೂರು ಎನ್ನುತ್ತೇವೆ.

ಈ ಸಲ ರಿಪೇರಿಯ ಪಟ್ಟಿಯಲ್ಲಿ ಇವರೂ ಇದ್ದಾರೆ.
ಮೆಣಸು ಕುಯ್ಯುವಾಗ ಏಣಿ ಜಾರಿ, ಮೊಣಕಾಲಿನವರೆಗೆ ಪ್ಲಾಸ್ಟರು.
ಜಗಲಿಯಲ್ಲಿ ಕೂತು, ಕಾಣದ ಪೈಪಿನ ತೂತನ್ನು
ಬೆರಳು ತೋರಿಸಿ ತೋರಿಸಿ ಬಯ್ಯುತ್ತಾರೆ.

ಬೆಳಿಗ್ಗೆ ಅಮ್ಮತ್ತಿಯಿಂದ ಮೊಯ್ದು ಬಂದ,
ಸ್ಕೂಟರಿನಲ್ಲಿ ಕಾಲ ಸಂದಿಗೆ ಮೋಟಾರನ್ನು
ಕೂಸಿನಂತೆ ಕೂರಿಸಿಕೊಂಡು.
ಫುಟ್‌ವಾಲ್ವಿನಲ್ಲಿ ಸಿಕ್ಕಿದ್ದು ಒಂದು ಮರಿಗಪ್ಪೆಯಂತೆ,
‘ಒಣಗಿದರೂ ಮುಖದ ಸಿಟ್ಟು ಹೋಗಿಲ್ಲ ನೋಡಿ.’
ದೇಚು ಬೇಡಿ ಇಸಿದುಕೊಂಡಳು.
ಬೆಂಕಿಪೊಟ್ಟಣದಲ್ಲಿದೆ, ಶಾಲೆ ತೆರೆಯುವುದನ್ನು ಕಾಯುತ್ತಿದೆ.

ಹಾಲುವಾಣದ ಗೂಟಗಳನ್ನು ಮೈದುನ ಉತ್ತಯ್ಯ
ಹಲಸಿನ ನೆರಳಿಗೆ ಒರಗಿಸಿ ಮೂರು ವಾರ.
ಕಡಿದ ಬಾಯಿ ಒಣಗಬೇಕು,
ಒಳಗಿನದು ಒಣಗಬಾರದು.
ಬುಡ ಯಾವುದು ತುದಿ ಯಾವುದು ಮರೆಯಬಾರದು.
ಬೇಲಿ ಎಂದು ನೆಡುತ್ತೇವೆ, ಮರವಾಗಿಬಿಡುತ್ತದೆ,
ಮರಕ್ಕೆ ಮತ್ತೆ ಮೆಣಸಿನ ಬಳ್ಳಿ,
ಬಳ್ಳಿಗೆ ಮತ್ತೆ ಏಣಿ.

ಕೆಳಗಿನ ಗಡಿ ಕಡಂಗ.
ಯಾವ ಕಾಲದ ಯಾರ ಜಗಳಕ್ಕೆ ತೋಡಿದ್ದೋ,
ಈಗ ಜರಿಗಿಡ, ಮುಳ್ಳುಹಂದಿಯ ಮುಳ್ಳು, ಒಂದು ಹವಾಯಿ ಚಪ್ಪಲಿ.
ಅಲ್ಲಿ ಮಣ್ಣು ಕುಸಿದಲ್ಲಿ
ಹಲಸಿಗೊಮ್ಮೆ ಭತ್ತಕ್ಕೊಮ್ಮೆ ಅದು ಇಳಿದು ಬರುತ್ತದೆ.
ಸಂಜೆ ಆರರ ಮೇಲೆ ಹೆಸರು ಹೇಳುವುದಿಲ್ಲ ನಾವು.

ಮುಳ್ಳುತಂತಿ ಐದೆಳೆ ಎಳೆದೆವು. ಆಮೇಲೆ ಸೋಲಾರು.
ಸೋಲಾರಿನ ಮೇಲೆ ಒಣಮರವೊಂದನ್ನು ತಂದು ಕೆಡವಿ,
ದಾಟಿ, ತಿಂದು, ಬಂದ ದಾರಿಯಲ್ಲೇ ಹೋಯಿತು.
(ಮರ ಒಳ್ಳೆಯದಿತ್ತು. ಎರಡು ತಿಂಗಳು ಉರಿಸಿದೆವು.)

‘ಈ ಸಲ ಪೂರಾ ಮುಚ್ಚಿಬಿಡುವ’ ಎಂದ ಉತ್ತಯ್ಯ.
ಹಗ್ಗ ಹಿಡಿದು ಅಳೆದೆ. ಹತ್ತಡಿ.
‘ಇಷ್ಟು ಬಿಡು.’
‘ಅದಕ್ಕೆ ಬಾಗಿಲಿಡ್ತೀರಾ ಅತ್ತಿಗೆ?’
‘ಮುಚ್ಚಿದರೆ ಬೇರೆ ಕಡೆ ಒಡೆಯುತ್ತದೆ.
ಎಲ್ಲಿ ಒಡೆದಿದೆ ಎಂದು ಬೆಳಿಗ್ಗೆ ಹುಡುಕುವವಳು ನಾನು.’
ಅವನು ಹಾರೆಯ ಮೇಲೆ ಗಲ್ಲ ಊರಿ
ಆ ಹತ್ತಡಿಯನ್ನು ಬಹಳ ಹೊತ್ತು ನೋಡಿದ.
ಜಗಲಿಯಿಂದ ಇವರ ದನಿ: ‘ಏನಂತೆ? ಏನಂತೆ?’
ಯಾರೂ ಹೇಳಲಿಲ್ಲ.

ಮಧ್ಯಾಹ್ನ ಗದ್ದೆಗಿಳಿದೆ.
ಡಿಸೆಂಬರಿನ ಕೆಸರಿನಲ್ಲಿ ಊರಿದ ಹೆಜ್ಜೆಗಳು
ಸುಡದ ಮಡಕೆಗಳಂತೆ ಗಟ್ಟಿಯಾಗಿ ಹಾಗೇ ಇವೆ.
ಇಷ್ಟು ಅಗಲ, ಇಷ್ಟು ಆಳ, ನಾನು ತೋಡಿದ್ದರೆ ಎರಡು ದಿನ.
ತಳದಲ್ಲಿ ಮೊನ್ನೆಯ ಮಳೆ ಇನ್ನೂ ತಣ್ಣಗಿದೆ.
ಸುಡುಮಣ್ಣು ಒಂದು ಬೊಗಸೆ, ಸಗಣಿಗೊಬ್ಬರ ಎರಡು,
ಹೆಜ್ಜೆಗೆ ಮೂರರಂತೆ ಸೌತೆ, ಕುಂಬಳ,
ಬೀಜ ಮುಗಿದಲ್ಲಿ ಕೆಸುವಿನ ಗೆಡ್ಡೆ.

ದೇಚು ಎಣಿಸುತ್ತಾ ಮುಂದೆ ಮುಂದೆ:
‘ಮುಂಗಾಲು. ಹಿಂಗಾಲು. ಮುಂಗಾಲು.
ಇಲ್ಲಿ ನಾಲ್ಕೂ ಹತ್ತಿರ ಇವೆಯಮ್ಮ,
ನಡೆಯುವುದು ಬಿಟ್ಟು ಸುಮ್ಮನೆ ನಿಂತಿದೆ.’

ನಾನೂ ಅಲ್ಲಿ ನಿಂತು, ಅದು ನೋಡಿದ ಕಡೆ ನೋಡಿದೆ.
ನಮ್ಮ ಅಡುಗೆಮನೆಯ ಕಿಟಕಿ.
ಹಲಸಲ್ಲ, ಬಾಳೆಯಲ್ಲ, ಕಿಟಕಿ.
ಒಲೆಯ ಬೆಳಕಿತ್ತೇನೋ ಆಗ. ನಾನಿದ್ದೆನೇನೋ
ಬೆನ್ನು ಹಾಕಿ.

ಆ ನಾಲ್ಕು ಕುಳಿಗೆ ಏನು ಹಾಕುವುದೆಂದು ತೋಚದೆ
ಸಂಜೆಯವರೆಗೆ ಖಾಲಿ ಬಿಟ್ಟು, ಕೊನೆಗೆ ಕುಂಬಳವನ್ನೇ ಹಾಕಿದೆ.

ಪಂಪು ಎರಡು ಸಲ ಕೆಮ್ಮಿ ನೀರೆತ್ತಿತು.
ಜಗಲಿಯಿಂದ ಒಂದು ಚಪ್ಪಾಳೆ.
ಬೇಲಿ ಮುಗಿಯಿತು, ಹತ್ತಡಿ ಬಿಟ್ಟು.
ಗೂಟಗಳಲ್ಲೊಂದು ತಲೆಕೆಳಗಾಗಿದೆ ಎಂದು
ಉತ್ತಯ್ಯನಿಗೆ ಈಗ ಅನುಮಾನ.
ಯಾವುದೆಂದು ಗೊತ್ತಿಲ್ಲ.
ಚಿಗುರುವ ಹೊತ್ತಿಗೆ ಅದೇ ಹೇಳುತ್ತದೆ.